ಕಲ್ಲವ್ವ ಉಡಿ ತುಂಬಿದ ಯಂತ್ರ

ಕಿರವತ್ತಿಯ ಹೆದ್ದಾರಿ ಬದಿಯ ಢಾಬಾ ಒಂದು ಬಾಗಿಲು ಹಾಕಿತು. ಮಾಲೀಕರಿಗೆ ವಯಸ್ಸಾಗಿತ್ತು, ಮಗಳ ಊರಿಗೆ ಹೋಗಿ ನೆಲೆಸಿದರು. ಕಟ್ಟಡವನ್ನು ಬಾಡಿಗೆಗೆ ಹಿಡಿದವಳು ಸೋಂದಾ ಕಡೆಯ ವೇದಾ ಎಂಬ ಇಂಜಿನಿಯರು. ಕೀಲಿ ಕೈಗೆ ಬಂದ ಮರುದಿನ ಬೆಳಿಗ್ಗೆ ಅವಳು ಬಂದು ನೋಡಿದರೆ ಹಿತ್ತಲ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಹಸಿರು ಇಳಕಲ್ ಸೀರೆ, ಕೈತುಂಬ ಬಳೆ, ಹಣೆಯ ಮೇಲೆ ಕಾಸಿನಗಲದ ಕುಂಕುಮ.

"ಯಾರಮ್ಮ ನೀವು?"

"ನಾನ್ರೀ, ಕಲ್ಲವ್ವ. ಇಲ್ಲಿ ರೊಟ್ಟಿ ಬಡೀತಿದ್ದೆ."

"ಢಾಬಾ ಮುಚ್ಚಿತಲ್ಲ?"

"ಅದು ನನಗ ಗೊತ್ತೈತ್ರಿ. ಕಾಲಿಗೆ ಗೊತ್ತಿಲ್ಲ ನೋಡ್ರಿ. ಎದ್ದ ಕೂಡ್ಲೆ ಇತ್ಲಾಗೇ ಬಂದುಬಿಟ್ಟುವು."

ವೇದಾಗೆ ನಗು ಬಂತು. ಒಳಗೆ ಹೋಗಿ ಅಡುಗೆಮನೆ ನೋಡಿದ ಮೇಲೆ ಆ ನಗು ಇಳಿಯಿತು. ಎಷ್ಟೋ ವರ್ಷದ ಒಗ್ಗರಣೆಯ ಹೊಗೆ ಗೋಡೆಗೆ ಕಪ್ಪು ಅಂಟಿನ ಹಾಗೆ ಮೆತ್ತಿಕೊಂಡಿತ್ತು. ಅವಳಿಗೆ ಬೇಕಾಗಿದ್ದದ್ದು ಧೂಳಿನ ಸುಳಿವೂ ಇಲ್ಲದ ಒಂದು ಕೋಣೆ.

"ಇದನ್ನ ತೊಳಿಯೋಕೆ ಆಗ್ತದಾ?" ಎಂದು ಕೇಳಿದಳು.

ಕಲ್ಲವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. "ಈ ಮಸಿ ಹಚ್ಚಿದಾಕಿ ನಾನ. ತೆಗಿಯಾಕ ಬ್ಯಾರೆ ಯಾರ ಬರಬೇಕ್ರಿ?"

ಈ ಕತೆಯನ್ನು ನನಗೆ ಹೇಳಿದವರು ಮೂವರು. ಮೂವರೂ ಬೇರೆ ಬೇರೆ ಹೊತ್ತಿನಲ್ಲಿ ಹೇಳಿದರು, ಮೂವರೂ ನಗುತ್ತಲೇ ಹೇಳಿದರು. ಹಾಗಾಗಿ ನಾನೂ ಮುಖ ಬಿಗಿದುಕೊಂಡು ಹೇಳಲಾರೆ.

ಕಲ್ಲವ್ವನ ತವರು ಹಾನಗಲ್ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಕಿರವತ್ತಿಗೆ ಬಂದವಳು. ಗಂಡ ಜಟ್ಟಪ್ಪ ಮೊದಲು ಕಟ್ಟಿಗೆ ಡಿಪೋದಲ್ಲಿ ನಾಟಾ ದಿಮ್ಮಿ ಹೊರುತ್ತಿದ್ದ, ಈಗ ತನ್ನ ತುಂಡು ಹೊಲದಲ್ಲಿ ಗೋವಿನಜೋಳ ಬೆಳೆಯುತ್ತಾನೆ. ಇಬ್ಬರು ಹೆಣ್ಣುಮಕ್ಕಳನ್ನು ಒಳ್ಳೆಯ ಮನೆಗಳಿಗೆ ಕೊಟ್ಟು ನಿರಾಳವಾಗಿದ್ದರು. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಲಾರಿಯವರಲ್ಲಿ ಕಲ್ಲವ್ವನ ರೊಟ್ಟಿಯ ಹೆಸರು ಹೇಳದವರಿಲ್ಲ. ಅವಳ ಗಂಟಲೂ ಅಷ್ಟೇ ಪ್ರಸಿದ್ಧ. ರಸ್ತೆಯ ಆಚೆ ಬದಿಗೆ ಲಾರಿ ನಿಲ್ಲಿಸಿದವನಿಗೆ ಒಳಗಿನಿಂದಲೇ "ಎಷ್ಟ ರೊಟ್ಟಿ?" ಎಂದು ಕೇಳುತ್ತಿದ್ದಳು, ಅವನಿಗೆ ಕೇಳುತ್ತಿತ್ತು.

ಗೋಡೆ ಕೆರೆಯುತ್ತ ಕೆರೆಯುತ್ತ ಅವಳು ವೇದಾಳ ಕೆಲಸವೇನೆಂದು ಕೇಳಿ ತಿಳಿದುಕೊಂಡಳು.

"ದೊಡ್ಡ ಬಳೆಯಂಥ ಯಂತ್ರದೊಳಗೆ ರೋಗಿಯನ್ನ ಮಲಗಿಸಿ ಕಳಿಸ್ತಾರೆ, ನೋಡಿದ್ದೀರಾ? ಸಿಟಿ ಸ್ಕ್ಯಾನ್ ಅಂತ."

"ನಮ್ಮ ಭಾವ ಬೈಕಿಂದ ಬಿದ್ದಾಗ ಹುಬ್ಬಳ್ಳ್ಯಾಗ ಹಾಕಿದ್ರು. ಭರ್ರ್ ಅಂತಿತ್ತು."

"ಹಾಂ, ಅದೇ. ಆ ಬಳೆಯೊಳಗೆ ಎಕ್ಸ್-ರೇ ಹುಟ್ಟೋ ಒಂದು ಟ್ಯೂಬ್ ಇರ್ತದೆ. ಅದು ರೋಗಿಯ ಸುತ್ತ ಗಿರಗಿರ ತಿರುಗ್ತದೆ, ಕೆಂಡದ ಹಾಗೆ ಕಾಯ್ತದೆ. ಅದನ್ನ ತಂಪಾಗಿಡೋದು ಎಣ್ಣೆ. ಎಣ್ಣೆಯನ್ನ ಓಡಾಡಿಸೋ ಪಂಪೂ ಟ್ಯೂಬಿನ ಜೊತೆಗೇ ತಿರುಗ್ತದೆ. ಹಳೇ ಯಂತ್ರಗಳ ಆ ಪಂಪು, ಆ ಎಣ್ಣೆ, ಅದನ್ನ ಬಿಚ್ಚಿ ತೊಳೆದು ಹೊಸದು ಮಾಡಿಕೊಡೋದು ನನ್ನ ಕೆಲಸ."

"ಯಾವ ಎಣ್ಣಿರಿ? ಶೇಂಗಾದ್ದೋ, ಕೊಬ್ಬರಿದೋ?"

"ಕರೆಂಟಿನ ಟ್ರಾನ್ಸ್‌ಫಾರ್ಮರಿನಲ್ಲಿ ಇರ್ತದಲ್ಲ, ಆ ಜಾತಿಯದು. ಅದರಲ್ಲಿ ಒಂದು ಕಣ ಧೂಳು, ಒಂದು ಹನಿ ನೀರು, ಒಂದು ಗಾಳಿಗುಳ್ಳೆ ಸೇರಿದ್ರೂ ಒಳಗೆ ಕಿಡಿ ಹಾರ್ತದೆ. ಚಿತ್ರ ಕೆಡ್ತದೆ. ಹೆಚ್ಚಾದ್ರೆ ಟ್ಯೂಬೇ ಸತ್ತುಹೋಗ್ತದೆ."

ಕಲ್ಲವ್ವ ಕೆರೆಯುವುದನ್ನು ನಿಲ್ಲಿಸಿದಳು. "ಒಂದ ಕಣಕ್ಕ ಅಷ್ಟೊಂದು ಸಿಟ್ಟೇನ್ರಿ ಅದಕ್ಕ!" ಎಂದಳು. ಮತ್ತೆ ಕೆರೆಯತೊಡಗಿದಳು, ಮೊದಲಿಗಿಂತ ಜೋರಾಗಿ.

ಆ ಕೋಣೆಯ ಕೆಲಸಕ್ಕೆ ವೇದಾ ಹುಬ್ಬಳ್ಳಿಯಿಂದ ತರಬೇತಿ ಪಡೆದ ಒಬ್ಬ ಹುಡುಗಿಯನ್ನು ಕರೆಸಿದಳು. ಆ ಹುಡುಗಿ ಬಂದು, ಊರು ನೋಡಿ, ಸಂಜೆಯ ಬಸ್ಸಿಗೇ ಹೊರಟುಹೋದಳು. ಅಷ್ಟರಲ್ಲಿ ಅಡುಗೆಮನೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಿಟಕಿಗಳನ್ನು ಮುಚ್ಚಿ ಮೊಹರು ಹಾಕಿದ್ದಾಯಿತು, ಗಾಳಿ ಸೋಸುವ ಯಂತ್ರ ಕೂತಿತು. ಒಳಗಿನ ಈ ಕೋಣೆಯನ್ನು ಯಾರಿಗೆ ಒಪ್ಪಿಸಲಿ ಎಂದು ವೇದಾ ಯೋಚಿಸಬೇಕಾಗಲಿಲ್ಲ. ಕಲ್ಲವ್ವ ಆಗಲೇ ಬಾಗಿಲಲ್ಲಿ ನಿಂತು, ಹೊಸದಾಗಿ ಸೇರಿದ್ದ ಸಿದ್ದಾಪುರದ ಇಂಜಿನಿಯರ್ ಸುಜಯನಿಗೆ "ಚಪ್ಲಿ ಅಲ್ಲೇ ಬಿಡು ತಮ್ಮಾ" ಎನ್ನುತ್ತಿದ್ದಳು.

ಆದರೆ ಕೋಣೆಯ ಕಟ್ಟಳೆಗಳು ಅವಳಿಗೂ ಇದ್ದವು. ಹೂವು ಮುಡಿಯುವಂತಿಲ್ಲ, ಪೌಡರ್ ಹಚ್ಚುವಂತಿಲ್ಲ. ಬಳೆ ಬೇಡ, ಕುಂಕುಮ ಬೇಡ. ಕೊನೆಯ ಎರಡು ಕೇಳಿ ಕಲ್ಲವ್ವ ಕೆಲಸವನ್ನೇ ಬಿಡುವ ಮಾತಾಡಿದಳು. ಗಂಡ ಗಟ್ಟಿಮುಟ್ಟಾಗಿರುವಾಗ ಬರಿಗೈ ಬರಿಹಣೆ ಮಾಡಿಕೊಳ್ಳುವುದೆಂದರೇನು? ವೇದಾಳೂ ಹಟ ಮಾಡಲಿಲ್ಲ. ಇಬ್ಬರೂ ಕೂತು ಚೌಕಾಶಿ ಮಾಡಿದರು. ಬಳೆಗಳು ಇರಲಿ, ಅವುಗಳ ಮೇಲೆ ನೀಲಿ ಅಂಗಿಯ ತೋಳು, ತೋಳಿನ ಮೇಲೆ ಕೈಗವಸು, ಅದರ ಬಾಯಿಗೆ ಅಂಟುಪಟ್ಟಿ. ಕುಂಕುಮದ ಬದಲು ಅಂಟಿಸುವ ಬಿಂದಿ, ಅದರ ಮೇಲೆ ಟೊಪ್ಪಿಗೆ. ಕಲ್ಲವ್ವ ಮನೆಗೆ ಹೋಗಿ ಜಟ್ಟಪ್ಪನನ್ನು ಕೇಳಿದಳು.

"ಅಂಟಿಸೋ ಬಿಂದಿ ಹಚ್ಚಿಕೊಂಡರ ನಿನಗೇನರ ಕೆಟ್ಟದಾಗ್ತೈತೇನು?"

"ಬಿಂದಿ ನಿನ್ನ ಹಣಿ ಮ್ಯಾಲ ಇರ್ತೈತಿ. ನಂಗೇನಾಗ್ತೈತಿ?" ಎಂದ ಜಟ್ಟಪ್ಪ. ಅಲ್ಲಿಗೆ ಅದು ಬಗೆಹರಿಯಿತು.

ಬಗೆಹರಿಯದೆ ಉಳಿದದ್ದು ಜೋಳದ ಹಿಟ್ಟು. ಬೆಳಿಗ್ಗೆ ರೊಟ್ಟಿ ಬಡಿದು ಬಂದರೆ ಎಷ್ಟು ತೊಳೆದರೂ ಉಗುರ ಸಂದಿಯಲ್ಲಿ, ಕೂದಲಲ್ಲಿ ಹಿಟ್ಟು ಉಳಿಯುತ್ತಿತ್ತು. ಕೋಣೆಯ ಗಾಳಿಯಲ್ಲಿ ಕಣ ಎಣಿಸುವ ಪುಟ್ಟ ಯಂತ್ರವೊಂದಿತ್ತು. ಕಲ್ಲವ್ವ ಒಳಗೆ ಕಾಲಿಟ್ಟ ಕೂಡಲೇ ಅದು ಕುಂಯ್ ಎನ್ನುತ್ತಿತ್ತು. ಅದರ ಕೂಗಿಗೆ ಅವಳಿಗೆ ಬಹಳ ನಾಚಿಕೆಯಾಯಿತು. ಕೆಲಸದ ದಿನಗಳಲ್ಲಿ ಹಿಟ್ಟು ಮುಟ್ಟುವುದನ್ನೇ ಬಿಟ್ಟಳು. ಹೆದ್ದಾರಿಯ ಹೆಸರಾಂತ ರೊಟ್ಟಿ ಕಲ್ಲವ್ವನ ಮನೆಯಲ್ಲಿ ಈಗ ರೊಟ್ಟಿ ಬಡಿಯುವವನು ಜಟ್ಟಪ್ಪ. ಮೊದಮೊದಲು ಅವು ಹರಿದ ಚಪ್ಪಲಿಯ ಹಾಗಿದ್ದವು. ನಾಟಾ ಹೊತ್ತ ಕೈ, ತಟ್ಟಿದರೆ ಹಲಗೆಯೇ ಅಲುಗುತ್ತಿತ್ತು. ಈಗ ಪರವಾಗಿಲ್ಲ, ದುಂಡಗೆ ಬರುತ್ತವೆ. ಹಾಗಂತ ಕಲ್ಲವ್ವ ಅವನೆದುರು ಹೇಳುವುದಿಲ್ಲ.

ಒಮ್ಮೆ ವೇದಾಳ ಅಮ್ಮ ಮಗಳ ಕಾರ್ಖಾನೆ ನೋಡಲು ಸೋಂದಾದಿಂದ ಬಂದರು. ತಲೆತುಂಬ ಮಲ್ಲಿಗೆ ದಂಡೆ. ಕಲ್ಲವ್ವ ಬಾಗಿಲಿಗೆ ಅಡ್ಡ ನಿಂತಳು.

"ಎಂತದೇ ಇದು ವೇದಾ, ದೇವರ ಕೋಣೆಗಿಂತ ಮಡಿ ಜಾಸ್ತಿ ಆತಲೇ!" ಎಂದರು ಅಮ್ಮ.

"ದೇವರ ಕ್ವಾಣ್ಯಾಗ ಹೂವು ನಡೀತಾವ್ರೀ ಅಮ್ಮಾ. ಇಲ್ಲಿ ನಡಿಯಂಗಿಲ್ಲ," ಎಂದಳು ಕಲ್ಲವ್ವ. ಅಮ್ಮ ದಂಡೆಯನ್ನು ತೆಗೆದು ಅವಳ ಕೈಗೇ ಕೊಟ್ಟರು. ಸಂಜೆ ಕೆಲಸ ಮುಗಿಸಿ ಕಲ್ಲವ್ವ ಅದನ್ನು ಮುಡಿದುಕೊಂಡೇ ಮನೆಗೆ ಹೋದಳು.

ಮೊದಲ ಕೆಲಸ ಬಂದದ್ದು ಸಿದ್ದಾಪುರದ ಒಂದು ಸಣ್ಣ ಆಸ್ಪತ್ರೆಯಿಂದ. ಅಲ್ಲಿಯ ಹಳೆಯ ಸ್ಕ್ಯಾನ್ ಯಂತ್ರ ಕಾದು ಕಾದು ನಿಂತುಬಿಡುತ್ತಿತ್ತು. ಎಣ್ಣೆ ಕಂದುಬಣ್ಣಕ್ಕೆ ತಿರುಗಿತ್ತು. ತಾಲೂಕಿನವರೆಲ್ಲ ತಲೆಗೆ ಪೆಟ್ಟಾದರೆ ಶಿರಸಿಗೆ ಓಡಬೇಕಿತ್ತು. ವೇದಾ, ಸುಜಯ ಸೇರಿ ಪಂಪು, ಕೊಳವೆ, ಎಣ್ಣೆ ತಂಪು ಮಾಡುವ ಜಾಲರಿ ಎಲ್ಲವನ್ನೂ ಬಿಚ್ಚಿ ಕಿರವತ್ತಿಗೆ ತಂದರು. ಒಂದೊಂದು ತುಂಡನ್ನೂ ಕಲ್ಲವ್ವ ತೊಳೆದಳು, ಒರೆಸಿದಳು, ದೀಪದ ಕೆಳಗೆ ಹಿಡಿದು ನೋಡಿದಳು. ಹೊಸ ಎಣ್ಣೆಯನ್ನು ಸೋಸಿ, ಅದರೊಳಗಿನ ಗಾಳಿಯನ್ನು ಎಳೆದು ತೆಗೆದು ತುಂಬಿದರು. ಆ ಕೆಲಸ ಎಷ್ಟೋ ವಾರ ಹಿಡಿಯಿತು. ಅಷ್ಟರಲ್ಲಿ ಕಲ್ಲವ್ವ ಆ ಪಂಪನ್ನು 'ಕೂಸು' ಎಂದು ಕರೆಯತೊಡಗಿದ್ದಳು. "ಕೂಸಿನ ಮುಚ್ಚಳ ಎಲ್ಲೈತಿ? ಕೂಸನ್ನ ಮಗ್ಗಲಕ್ಕ ಹಾಕಬ್ಯಾಡ್ರಿ" ಎನ್ನುವಳು.

ವಾಪಸು ಸಾಗಿಸುವ ದಿನ ಬಂತು. ವೇದಾ ಹಿಂದಿನ ದಿನವೇ ಸಿದ್ದಾಪುರಕ್ಕೆ ಹೋಗಿದ್ದಳು. ಸುಜಯ ವ್ಯಾನು ತಿರುಗಿಸಿ ತರಲು ಹೊರಗೆ ಹೋದ. ಕಲ್ಲವ್ವ ಕೂಸಿನ ಜೊತೆ ಒಬ್ಬಳೇ ಉಳಿದಳು. ಹೆಣ್ಣುಮಗಳು ತವರಿನಿಂದ ಹೊರಡುವಾಗ ಉಡಿ ತುಂಬದೆ ಕಳಿಸಿದವಳಲ್ಲ ಅವಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನದ ಕೊಂಬನ್ನು ಒಂದು ಖಣದ ರವಿಕೆ ಬಟ್ಟೆಯಲ್ಲಿ ಕಟ್ಟಿ, ಸಾಗಿಸುವ ಪೆಟ್ಟಿಗೆಯ ಹೊರಗಡೆ ಸಿಕ್ಕಿಸಿದಳು. ಅಷ್ಟರವರೆಗೆ ಎಲ್ಲ ಸರಿಯೇ. ಆದರೆ ಹಣೆಗೆ ಕುಂಕುಮ ಇಡದೆ ಹೇಗೆ? ಕೂಸಿಗೆ ಹಣೆ ಯಾವುದು? ಎಣ್ಣೆಯ ಕೊಳವೆಯ ಬಾಯಿ ದುಂಡಗೆ, ಬೆಳ್ಳಗೆ ಹೊಳೆಯುತ್ತಿತ್ತು, ಅದರ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ಮುಚ್ಚಳಕ್ಕೆ ಇಟ್ಟರೆ ಅದನ್ನು ಅಲ್ಲಿ ಕಿತ್ತು ಬಿಸಾಕುತ್ತಾರೆ. ಮುಚ್ಚಳ ತೆಗೆದಳು. ಆ ಬಾಯಿಯ ಅಂಚಿಗೆ ಸಾಸಿವೆಯಷ್ಟು, ಅವಳೇ ಹೇಳುವ ಹಾಗೆ "ಬರೇ ಸಾಸಿವಿಯಷ್ಟ್ರಿ", ಕುಂಕುಮ ಇಟ್ಟು ಮುಚ್ಚಿದಳು. ಕಣ್ಣು ತುಂಬಿ ಬಂದವು. ಸುಜಯ ಬಂದು "ಯಾಕೆ ಕಲ್ಲವ್ವ?" ಎಂದರೆ "ಧೂಳು" ಎಂದಳು. ಆ ಕೋಣೆಯಲ್ಲಿ ಆಡಬಾರದ ಮಾತು ಅದೊಂದೇ.

ಸಿದ್ದಾಪುರದಲ್ಲಿ ಕೊಳವೆ ಜೋಡಿಸಿದರು. ರೋಗಿಗೆ ಯಂತ್ರ ಬಳಸುವ ಮೊದಲು ಎಣ್ಣೆಯನ್ನು ಸುತ್ತಾಡಿಸಿ, ತುಸು ತೆಗೆದು ಸೋಸುವ ಕಾಗದದ ಬಿಳಿ ಬಿಲ್ಲೆಯೊಂದರ ಮೂಲಕ ಸೋಸಿ ನೋಡುವುದು ವೇದಾಳ ಪದ್ಧತಿ. ಮೊದಲ ದಿನ ಬಿಲ್ಲೆ ಬಿಳಿಯಾಗಿಯೇ ಇತ್ತು. ಎರಡನೆಯ ದಿನ ಯಂತ್ರವನ್ನು ಪೂರ್ತಿ ವೇಗದಲ್ಲಿ ತಿರುಗಿಸಿ, ನಿಲ್ಲಿಸಿ, ಮತ್ತೆ ತೆಗೆದರು. ಬಿಲ್ಲೆಯ ಮೇಲೆ ಕೆಂಪು ಚುಕ್ಕೆಗಳು.

ವೇದಾ ಆಸ್ಪತ್ರೆಯ ಲ್ಯಾಬಿನ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಅಲ್ಲಿಯ ಸ್ಕ್ಯಾನ್ ತಂತ್ರಜ್ಞ ದರ್ಶನ ನಾಯ್ಕನೂ ಬಗ್ಗಿ ನೋಡಿದ.

"ತುಕ್ಕಾ ಮೇಡಂ?"

"ತುಕ್ಕೇ ಇರಬೇಕು," ಎಂದಳು ವೇದಾ. ತುಕ್ಕು ಎಂದರೆ ಎಣ್ಣೆಗೆ ನೀರು ಸೇರಿದೆ ಎಂದರ್ಥ. ಒಳಗಿನ ಕಬ್ಬಿಣವನ್ನೇ ತಿನ್ನುತ್ತಿದೆ ಎಂದರ್ಥ. ಪಂಪನ್ನೇ ಎಸೆಯಬೇಕು. ಮೊದಲ ಕೆಲಸವೇ ಹೀಗಾದರೆ ಎರಡನೆಯದನ್ನು ಯಾರು ಕೊಡುತ್ತಾರೆ? ಆ ಸಂಜೆ ಅಮ್ಮನಿಗೆ ಫೋನು ಮಾಡಿ, "ಆನು ಇಂದು ಬತ್ನಿಲ್ಲೆ ಅಮ್ಮಾ, ಇಲ್ಲೇ ಉಳಿತೆ" ಎಂದು, ಮನೆಗೆ ಬರುವುದಿಲ್ಲವೆಂಬುದನ್ನಷ್ಟೇ ತಿಳಿಸಿದಳು. ಸುಜಯ ಕಿರವತ್ತಿಯ ಕಲ್ಲವ್ವನ ಮನೆಗೆ ಫೋನು ಮಾಡಿ ಕೋಣೆ ಸಿದ್ಧವಿರಲಿ, ಕೂಸು ವಾಪಸು ಬರುತ್ತದೆ ಎಂದ.

"ಯಾಕ? ಏನಾತು?" ಎಂದಳು ಕಲ್ಲವ್ವ.

"ಎಣ್ಣೆಯಲ್ಲಿ ಏನೋ ಕೆಂಪು ಕಣ ಬಂದಿದೆ."

ಕಲ್ಲವ್ವ ಫೋನಿಟ್ಟು, ಸಿದ್ದಾಪುರದ ಕಡೆಯ ಮೊದಲ ಬಸ್ಸು ಎಷ್ಟಕ್ಕೆ ಎಂದು ಪಿಸುದನಿಯಲ್ಲಿ ಕೇಳಿದಳು. ಅವಳ ದನಿ ಅಷ್ಟು ಇಳಿದದ್ದು ಜಟ್ಟಪ್ಪ ಕಂಡಂತೆ ಅದೇ ಮೊದಲು.

ಮರುದಿನ ಮೊದಲ ಬಸ್ಸಿಗೆ ಅವಳು ತಯಾರಾಗಿ ನಿಂತಳು. "ಫೋನಿನಾಗ ಹೇಳಿದ್ರ ಆತಲ್ಲ," ಎಂದ ಜಟ್ಟಪ್ಪ. "ಮಾರಿ ನೋಡಿ ಹೇಳೋ ಮಾತದು," ಎಂದಳು. ಬರಿಗೈಯಲ್ಲಿ ಹೋಗಬಾರದೆಂದು ಅವನು ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಟ್ಟ. ಯಲ್ಲಾಪುರದಲ್ಲಿ ಬಸ್ಸು ಬದಲಿಸಿ, ಶಿರಸಿಯಲ್ಲಿ ಮತ್ತೊಮ್ಮೆ ಬದಲಿಸಿ, ದಾರಿಯುದ್ದಕ್ಕೂ ತಾನು ಆಡಬೇಕಾದ ಮಾತನ್ನು ಬಾಯಿಪಾಠ ಮಾಡಿದಳು. ಪಕ್ಕದಲ್ಲಿ ಕೂತ ಹೆಂಗಸೊಬ್ಬಳು, "ಎಂಥ ಅಕ್ಕಾ, ಮಂತ್ರ ಹೇಳ್ತ್ರಾ?" ಎಂದು ಕೇಳಿದಳು. "ಮಂತ್ರ ಅಲ್ಲವಾ, ನನ್ನ ತಪ್ಪು," ಎಂದಳು ಕಲ್ಲವ್ವ. ಆ ಹೆಂಗಸಿಗೆ ಸಿದ್ದಾಪುರ ಬರುವುದರೊಳಗೆ ಕತೆಯೆಲ್ಲ ಗೊತ್ತಾಗಿತ್ತು. ಇಳಿಯುವಾಗ ಅವಳು ಕಲ್ಲವ್ವನ ಕೈ ಒತ್ತಿ, "ಹೇಳಿಬಿಡಿ, ಎಂಥದೂ ಆಗೂದಿಲ್ಲ," ಎಂದು ಧೈರ್ಯ ಹೇಳಿದಳಂತೆ.

ಆಸ್ಪತ್ರೆಯಲ್ಲಿ ವೇದಾ ಪಂಪು ಬಿಚ್ಚಲು ಸ್ಪ್ಯಾನರ್ ಹಿಡಿದಿದ್ದಳು. ಕಲ್ಲವ್ವ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವಳು ಬಾಯಿಪಾಠ ಮಾಡಿದ್ದೆಲ್ಲ ಮರೆತುಬಿಟ್ಟಳು.

"ಅದು ನಂದ್ರಿ," ಎಂದಳು.

"ಯಾವುದು?"

"ಆ ಕೆಂಪು. ಅದು ಕುಂಕುಮ. ಕೂಸಿಗೆ ಇಟ್ಟಿದ್ದೆ. ಬರೇ ಸಾಸಿವಿಯಷ್ಟ್ರಿ."

ವೇದಾ ಅವಳ ಮುಖ ನೋಡಿದಳು. ಕೈಯಲ್ಲಿದ್ದ ಸ್ಪ್ಯಾನರ್ ನೋಡಿದಳು. "ಕುಂಕುಮಾನಾ?" ಎಂದು ಕೇಳಿದಳು. "ತುಕ್ಕಲ್ವಾ? ನಿಜವಾಗ್ಲೂ ಕುಂಕುಮಾನಾ?"

"ಬೈರಿ ಅಕ್ಕಾರ. ಏನ ಬೈದ್ರೂ ತಿಂತೀನಿ."

ವೇದಾ ಬೈಯಲಿಲ್ಲ. ಸ್ಪ್ಯಾನರ್ ಕೆಳಗಿಟ್ಟು, ಬಂದು ಕಲ್ಲವ್ವನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಕಲ್ಲವ್ವನಿಗೆ ಅರ್ಥವಾಗಲಿಲ್ಲ, ಹೆದರಿದಳು. ವೇದಾ ನಗುತ್ತಿದ್ದಳೋ ಅಳುತ್ತಿದ್ದಳೋ ಸುಜಯನಿಗೂ ತಿಳಿಯಲಿಲ್ಲ. "ಪಂಪು ಚೆನ್ನಾಗಿದೆ ಕಲ್ಲವ್ವ! ಏನೂ ಆಗಿಲ್ಲ ಅದಕ್ಕೆ! ಕುಂಕುಮ ಅಂದ್ರೆ ತೊಳೆದರೆ ಹೋಯ್ತು!" ಎಂದು ಅವಳು ಕೂಗಿದಾಗ ದರ್ಶನ ಓಡಿಹೋಗಿ ಲ್ಯಾಬಿನವರ ಪೂಜೆಯ ಕಪಾಟಿನಿಂದ ಚಿಟಿಕೆ ಕುಂಕುಮ ತಂದ. ಸೂಕ್ಷ್ಮದರ್ಶಕದಲ್ಲಿ ಪಕ್ಕಪಕ್ಕ ಇಟ್ಟು ನೋಡಿದರು. ಅಕ್ಕತಂಗಿಯರ ಹಾಗೆ ಒಂದೇ ಮುಖ.

"ಆದ್ರೂ ಮೊದಲ ದಿನ ಯಾಕೆ ಕಾಣಲಿಲ್ಲ?" ಎಂದು ದರ್ಶನ ಕೇಳಿದ.

ಸುಜಯ ಒಂದು ಸಣ್ಣ ಬಾಟಲಿಯಲ್ಲಿ ಎಣ್ಣೆ ಹಾಕಿ, ಮಿಕ್ಕ ಕುಂಕುಮ ಉದುರಿಸಿ, ಅದರ ಕುತ್ತಿಗೆಗೆ ದಾರ ಕಟ್ಟಿ ಅಂಗಳದಲ್ಲಿ ಗಿರಗಿರ ತಿರುಗಿಸಿದ. ನಿಲ್ಲಿಸಿದಾಗ ಕೆಂಪೆಲ್ಲ ಬಾಟಲಿಯ ತಳಕ್ಕೆ ಒತ್ತಿ ಕೂತಿತ್ತು, ಮೇಲಿನ ಎಣ್ಣೆ ತಿಳಿಯಾಗಿತ್ತು. ತುಸು ಕುಲುಕಿದ. ಕೆಂಪು ಎದ್ದು ಎಲ್ಲ ಕಡೆ ಹರಡಿತು.

"ಮೊದಲ ದಿನ ಯಂತ್ರ ತಿರುಗಿರಲೇ ಇಲ್ಲ, ಕುಂಕುಮ ಕೊಳವೆಯ ಬಾಯಿಗೇ ಅಂಟಿಕೊಂಡಿತ್ತು. ತಿರುಗುವಾಗ ಭಾರದ್ದೆಲ್ಲ ಹೊರಗಿನ ಅಂಚಿಗೆ ಹೋಗಿ ಅವಿತುಕೊಳ್ತದೆ. ನಿಂತಾಗ ಹೊರಗೆ ಬರ್ತದೆ. ಅದಕ್ಕೇ ತಿರುಗಿಸಿ ನಿಲ್ಲಿಸಿ ನೋಡೋದು," ಎಂದಳು ವೇದಾ.

ಕಲ್ಲವ್ವ ಬಾಟಲಿ ಇಸಿದುಕೊಂಡು ತಾನೂ ತಿರುಗಿಸಿದಳು. ಮತ್ತೆ ತಿರುಗಿಸಿದಳು. ಆಸ್ಪತ್ರೆಗೆ ಬಂದಿದ್ದವರು ಗುಂಪುಕಟ್ಟಿ ನೋಡಿದರು.

ಎಣ್ಣೆ ಇಳಿಸಿ, ಕೊಳವೆಯ ಬಾಯಿ ತೊಳೆದು, ಒಳಗನ್ನೆಲ್ಲ ಎಣ್ಣೆಯಿಂದಲೇ ಮತ್ತೆ ಮತ್ತೆ ಜಾಲಾಡಿಸಿದರು. ಅಂಚಿಗೆ ಕಣ ಹಿಡಿದಿಡುವ ಒಂದು ಪುಟ್ಟ ಗೂಡನ್ನು, ನಿಂತಾಗಲೂ ಹೊರಬಿಡದಂಥದ್ದನ್ನು, ವೇದಾ ಆಮೇಲೆ ಯೋಚಿಸಿ ಮಾಡಿದಳು. ಅವಳ ಎಲ್ಲ ಕೆಲಸಗಳಲ್ಲೂ ಈಗ ಅದಿರುತ್ತದೆ. ಆ ದಿನವಂತೂ ತಿರುಗಿಸಿ, ನಿಲ್ಲಿಸಿ, ಸೋಸಿದಾಗ ಬಿಲ್ಲೆ ಹಾಲಿನಷ್ಟು ಬೆಳ್ಳಗಿತ್ತು.

ಆಗ ವೇದಾ, "ಬನ್ನಿ, ನಿಮ್ಮ ಕೂಸು ಓಡೋದನ್ನ ನೋಡಿ," ಎಂದು ಕಲ್ಲವ್ವನನ್ನು ಗಾಜಿನ ಹಿಂದಿನ ಕೋಣೆಗೆ ಕರೆದೊಯ್ದಳು. ಯಂತ್ರದ ಹೊರಕವಚ ಇನ್ನೂ ಹಾಕಿರಲಿಲ್ಲ. ದರ್ಶನ ಗುಂಡಿ ಒತ್ತಿದ. ಕಲ್ಲವ್ವ ವಾರಗಟ್ಟಲೆ ಮಡಿಲಲ್ಲಿಟ್ಟುಕೊಂಡು ಒರೆಸಿದ ಆ ಭಾರವಾದ ಪಂಪು ನಿಧಾನಕ್ಕೆ ಎದ್ದು, ಮೇಲೇರಿ, ಇಳಿದು, ಮತ್ತೆ ಏರಿ, ಕಣ್ಣಿಗೆ ಕಾಣದಷ್ಟು ವೇಗವಾಗಿ ಸುತ್ತತೊಡಗಿತು. ಕೋಣೆಯಿಡೀ ಗುಂಯ್ ಎಂದಿತು.

"ಯಪ್ಪಾ!" ಎಂದಳು ಕಲ್ಲವ್ವ. ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಇಷ್ಟು ಓಡ್ತಾಳೇನ್ರಿ ಇಕಿ!"

ಜಟ್ಟಪ್ಪನ ರೊಟ್ಟಿಗಳನ್ನು ಅವರೆಲ್ಲ ಆಸ್ಪತ್ರೆಯ ಹಿಂದಿನ ಕಟ್ಟೆಯ ಮೇಲೆ ಕೂತು ತಿಂದರು. ಡಾಕ್ಟರೂ ಬಂದು ಒಂದನ್ನು ಸುರುಳಿ ಸುತ್ತಿಕೊಂಡು ಹೋದರು.

ಅಂದಿನಿಂದ ಕಿರವತ್ತಿಯಲ್ಲಿ ಉಡಿ ತುಂಬುವ ಶಾಸ್ತ್ರ ನಿಂತಿಲ್ಲ, ಜಾಗ ಬದಲಾಗಿದೆ. ಯಂತ್ರ ಹೊರಡುವಾಗ ಅದನ್ನು ಒಯ್ಯುವವರ ಉಡಿಗೆ ಅಕ್ಕಿ, ಕೊಬ್ಬರಿ ಬೀಳುತ್ತದೆ, ಅದೂ ರಸ್ತೆಯ ಅಂಚಿನಲ್ಲಿ, ಬಾಗಿಲಿನಿಂದ ದೂರ. ಹೆಚ್ಚಾಗಿ ಒಯ್ಯುವವನು ಸುಜಯ. ಪಂಚೆಯ ತುದಿ ಹಿಡಿದು ನಾಚಿಕೊಂಡು ನಿಲ್ಲುತ್ತಾನೆ. ಅವನ ಅಮ್ಮನ ಬಳಿ ಈಗ ಖಣಗಳ ಒಂದು ರಾಶಿಯೇ ಆಗಿದೆ. ಆಯುಧಪೂಜೆಯಲ್ಲೂ ಅಷ್ಟೇ: ಕುಂಕುಮ ಹೊಸ್ತಿಲಿಗೆ, ಹೂವು ವ್ಯಾನಿಗೆ.

ಕಲ್ಲವ್ವನ ಕೈಕೆಳಗೆ ಈಗ ಕಿರವತ್ತಿಯದೇ ಮೂವರು ಹೆಂಗಸರು ಕೆಲಸ ಮಾಡುತ್ತಾರೆ. ಮೊನ್ನೆ ಶಿರಸಿಯ ಒಂದು ಆಸ್ಪತ್ರೆಯವರು ತಮ್ಮ ಸ್ಕ್ಯಾನ್ ಕೋಣೆಯ ಸ್ವಚ್ಛತೆಯವರಿಗೆ ನಾಲ್ಕು ಮಾತು ಹೇಳಿ ಎಂದು ಅವಳನ್ನೇ ಕರೆಸಿದರು. ಕಲ್ಲವ್ವ ಮೈಕು ಬೇಡವೆಂದಳು. ಅವಳಿಗೆ ಅದರ ಅಗತ್ಯವೂ ಇಲ್ಲ. ಒಂದು ತಾಸು ಮಾತಾಡಿ, ತನ್ನ ಕುಂಕುಮದ ಕತೆಯನ್ನೂ ಬಿಡದೆ ಹೇಳಿ, ಎಲ್ಲರನ್ನೂ ಹೊಟ್ಟೆ ಹಿಡಿದು ನಗುವಂತೆ ಮಾಡಿದಳು. ಕೊನೆಗೆ ಹೊನ್ನಿ ಎಂಬ ಹೆಂಗಸು ಎದ್ದು ಕೇಳಿದಳು: "ಅಕ್ಕಾ, ಇಷ್ಟೆಲ್ಲ ಮಾಡಿದ್ಮೇಲೆ ಎಣ್ಣೆಯಲ್ಲಿ ಒಂದು ಕಣವೂ ಇರೂದಿಲ್ವಾ?"

ಕಲ್ಲವ್ವನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅವಳು ಕೇಳಿಯೂ ಇರಲಿಲ್ಲ. ಎಲ್ಲರೆದುರೇ ವೇದಾಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಅದೇ ಪ್ರಶ್ನೆ ಕೇಳಿದಳು.

"ಹಾಗೆ ಆಗೂದಿಲ್ಲ ಕಲ್ಲವ್ವ," ಎಂದಿತು ವೇದಾಳ ದನಿ. "ಎಷ್ಟು ಸೋಸಿದ್ರೂ ಕಣ್ಣಿಗೆ ಕಾಣದವು ಒಂದಿಷ್ಟು ಉಳಿದೇ ಉಳೀತವೆ. ಅಷ್ಟನ್ನ ಯಂತ್ರ ತಡ್ಕೊಳ್ತದೆ."

"ತಡ್ಕೊಳ್ತೈತೇನ್ರಿ?" ಕಲ್ಲವ್ವ ಸೊಂಟದ ಮೇಲೆ ಕೈ ಇಟ್ಟಳು. "ಇಷ್ಟು ವರ್ಷ ನಾ ಒಂದೊಂದ ಕಣದ ಬೆನ್ನು ಹತ್ತಿ ಒರಿಸಿದ್ದೇನು, ಕೆರದದ್ದೇನು! ಇದನ್ನ ಈಗ ಹೇಳ್ತೀರಿ?"

ಫೋನಿನಲ್ಲಿ ವೇದಾ ನಕ್ಕಳು, ಕೋಣೆಯಲ್ಲಿದ್ದವರೆಲ್ಲ ನಕ್ಕರು. ಹೊನ್ನಿ ಬಂದು ಅವಳ ಕೈ ಹಿಡಿದು, "ಬನ್ನಿ ಅಕ್ಕಾ, ಚಾ ಕುಡಿಯುವಾ, ತಣ್ಣಗಾಗ್ತದೆ," ಎಂದು ಕ್ಯಾಂಟೀನಿನ ಕಡೆ ಎಳೆದುಕೊಂಡು ಹೋದಳು.